ಗುಂಪಿನ ಪ್ರಶ್ನೋತ್ತರ: ಉರಿಯೂತ, ಬೊಜ್ಜು, ಸಕ್ಕರೆ ಕಾಯಿಲೆ

ಸದಸ್ಯ 1: ಮೇಡಂ, ನನಗೆ ಶುಗರ್ ಇದೆ. ಉರಿಯೂತ ತೋರಿಸುವ ರಕ್ತಪರೀಕ್ಷೆ ಸಿಆರ್‌ಪಿ ಸ್ವಲ್ಪ ಜಾಸ್ತಿ ಬಂದಿದೆ. ಇಮ್ಯುನಿಟಿ ಕಮ್ಮಿಯಾಗಿದೆಯಾ? ಮಾತ್ರೆ ಇದೆಯಾ?

ಡಾಕ್ಟರ್: ಕಮ್ಮಿಯಾಗಿಲ್ಲ, ಬೇಡದ ಕಡೆ ಕೆರಳಿರಬಹುದು. ಬೊಜ್ಜು ಬೆಳೆದಾಗ ಕೊಬ್ಬಿನೊಳಗೆ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳು ಸೇರಿಕೊಳ್ಳುತ್ತವೆ. ಅಲ್ಲಿ ಹೆಚ್ಚುವ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನ್ ಇನ್ಸುಲಿನ್‌ಗೆ ಅಡ್ಡ ಬರುತ್ತದೆ. ಇಲಿಗಳಲ್ಲಿ 1993ರಲ್ಲೇ ಕಂಡ ವಿಷಯ. ಮಾತ್ರೆ ಬೇಡ. ಸಿಆರ್‌ಪಿ ಸಣ್ಣ ಸೋಂಕಿಗೂ ಏರುತ್ತದೆ, ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿ.

ಸದಸ್ಯೆ 2: ಇಮ್ಯುನಿಟಿಗೆ ಯಾವ ಮಾತ್ರೆ ಒಳ್ಳೆಯದು ಮೇಡಂ?

ಡಾಕ್ಟರ್: ಮೇಲೆ ಓದಿ.

ಸದಸ್ಯ 3: ಅಮ್ಮನಿಗೆ ಸಂಧಿವಾತ, ಆರು ತಿಂಗಳಿಂದ ಪ್ರೆಡ್ನಿಸೊಲೋನ್ ಸ್ಟೀರಾಯ್ಡ್ ಮಾತ್ರೆ. ಶುಗರ್ ಏರಿದೆ. ‘ಉರಿಯೂತದ ಕೋಶಗಳು ಸಕ್ಕರೆ ತಿಂದು ಬದುಕುತ್ತವೆ, ಉಪವಾಸ ಮಾಡಿದರೆ ಸಾಯುತ್ತವೆ’ ಅಂತ ಫಾರ್ವರ್ಡ್ ಬಂತು. ಮೂರು ದಿನದಿಂದ ಮಾತ್ರೆ ನಿಲ್ಲಿಸಿ ಉಪವಾಸ ಇದ್ದಾರೆ. ತಲೆಸುತ್ತು, ವಾಂತಿ. ವಿಷ ಹೊರಗೆ ಹೋಗ್ತಿದೆಯಾ?

ಡಾಕ್ಟರ್: ಇಲ್ಲ. ಈಗಲೇ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ತಿಂಗಳುಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡರೆ ಅಡ್ರಿನಲ್ ಗ್ರಂಥಿ ಕಾರ್ಟಿಸೋಲ್ (ದೇಹದ ಸ್ವಂತ ಸ್ಟೀರಾಯ್ಡ್) ಮಾಡುವುದನ್ನೇ ಬಿಟ್ಟಿರಬಹುದು. ಮಾತ್ರೆ ಥಟ್ಟನೆ ನಿಂತರೆ ಬಿಪಿ ಕುಸಿದು ಪ್ರಾಣಕ್ಕೇ ಅಪಾಯ. ‘ಸ್ಟೀರಾಯ್ಡ್ ನಿಲ್ಲಿಸಿ ಮೂರು ದಿನವಾಯಿತು’ ಅಂತ ಹೋದ ಕೂಡಲೇ ಹೇಳಿ. ಶುಗರ್ ಮಾತ್ರೆ ಕೊಡುತ್ತಿದ್ದರೆ ಅದನ್ನೂ ಹೇಳಿ.

ಮಿಕ್ಕವರಿಗೆ: ಕೆರಳಿದ ಮ್ಯಾಕ್ರೋಫೇಜ್ ಗ್ಲೂಕೋಸನ್ನು ಬಿರುಸಾಗಿ ಒಡೆಯುವುದು ನಿಜ. ಆಮ್ಲಜನಕ ಇದ್ದರೂ ಅದು ಗ್ಲೈಕಾಲಿಸಿಸ್ ಎಂಬ, ಆಮ್ಲಜನಕ ಬೇಡದ ದಾರಿ ಹಿಡಿಯುತ್ತದೆ. ಕೋಶದೊಳಗೆ ಸಕ್ಸಿನೇಟ್ ಎಂಬ ರಾಸಾಯನಿಕ ಶೇಖರವಾಗಿ, ಉರಿಯೂತ ಹೆಚ್ಚಿಸುವ ಐಎಲ್-1 ಬೀಟಾ ಪ್ರೋಟೀನಿನ ತಯಾರಿ ಹೆಚ್ಚುತ್ತದೆ. ಆದರೆ ಉಪವಾಸದಲ್ಲೂ ಯಕೃತ್ತು ರಕ್ತಕ್ಕೆ ಗ್ಲೂಕೋಸ್ ಬಿಡುತ್ತಲೇ ಇರುತ್ತದೆ, ಕೋಶಗಳು ಹಸಿದು ಸಾಯುವುದಿಲ್ಲ. ಸ್ಟೀರಾಯ್ಡ್ ಉರಿಯೂತ ಇಳಿಸುತ್ತದೆ, ಯಕೃತ್ತಿನ ಗ್ಲೂಕೋಸ್ ಉತ್ಪಾದನೆ ಏರಿಸುತ್ತದೆ. ಆಗ ಶುಗರ್ ಔಷಧಿ ಹೊಂದಿಸಬೇಕು, ಸ್ಟೀರಾಯ್ಡನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಅರ್ಧ ಸತ್ಯದ ಫಾರ್ವರ್ಡ್‌ಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ಸದಸ್ಯ 4: ನಾನು ಅದೇ ಉಪವಾಸ ಮಾಡಿದೆ, ಸಿಆರ್‌ಪಿ ಇಳಿಯಿತು. ಡಾಕ್ಟರುಗಳು ಎಲ್ಲದಕ್ಕೂ ಹೆದರಿಸ್ತಾರೆ.

ಸದಸ್ಯೆ 5: ನೀವು ಸ್ಟೀರಾಯ್ಡ್ ತಗೊಳ್ತಿದ್ರಾ? ಫಾರ್ವರ್ಡ್ ಹಾಕಿದ್ದೂ ನೀವೇ.

ಸದಸ್ಯ 4: ಮಾತ್ರೆ ಬಿಡಿ ಅಂತ ಅದರಲ್ಲಿ ಎಲ್ಲಿದೆ?

ಸದಸ್ಯೆ 5: ಕೊನೆಯ ಸಾಲು, ‘ಇನ್ನು ಔಷಧಿಯ ಹಂಗಿಲ್ಲ’. ಓದದೆ ಕಳಿಸ್ತೀರಾ?

ಸದಸ್ಯ 4: ಮಾತು ನೋಡಿಕೊಂಡು ಆಡಿ.

ಸದಸ್ಯ 6: ಮೆಟ್‌ಫಾರ್ಮಿನ್ ಉರಿಯೂತ ಇಳಿಸುತ್ತಾ ಮೇಡಂ?

ಸದಸ್ಯೆ 7: ಐಎಲ್-1 ಬೀಟಾ ತಡೆಯುವ ಇಂಜೆಕ್ಷನ್ ಇದೆಯಂತೆ. ಶುಗರ್ ಬರದ ಹಾಗೆ ಮಾಡುತ್ತಾ?

ಡಾಕ್ಟರ್: ಕೆನಕಿನುಮಾಬ್. ಕ್ಯಾಂಟೋಸ್ ಪ್ರಯೋಗದಲ್ಲಿ (2017) ಹೃದಯಾಘಾತ ಕಡಿಮೆಯಾಯಿತು, ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು ತಪ್ಪಲಿಲ್ಲ. ಮಾರಕ ಸೋಂಕು ಹೆಚ್ಚಿತು.

ಸದಸ್ಯ 8: ಇಮ್ಯುನಿಟಿ ಮಾತ್ರೆ ಹೆಸರು ಹೇಳಿ ಪ್ಲೀಸ್.

ಡಾಕ್ಟರ್: ಮೂರನೇ ಸಲ. ಇಲ್ಲ. ಅಮ್ಮನ ವಿಷಯ ಕೇಳಿದವರು ಹೊರಟಿರಾ?

ಸದಸ್ಯ 3: ಆಸ್ಪತ್ರೆಯಲ್ಲಿದ್ದೇವೆ. ಬಿಪಿ 80/50. ಡ್ರಿಪ್ ಹಾಕಿದ್ದಾರೆ.

ಡಾಕ್ಟರ್: ಸ್ಟೀರಾಯ್ಡ್ ನಿಲ್ಲಿಸಿದ್ದು ಹೇಳಿದಿರಾ?

ಸದಸ್ಯ 3: ಹೇಳಿದೆ. ಹೈಡ್ರೋಕಾರ್ಟಿಸೋನ್ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತಿದ್ದಾರೆ.

ಡಾಕ್ಟರ್: ಸರಿ. 4ನೆಯವರೇ, ಆ ಫಾರ್ವರ್ಡ್ ಇನ್ನೂ ಗುಂಪಿನಲ್ಲಿದೆ. ಅಳಿಸಿ.