ಪದ ಬೇಕು: ಸಿಂಕಿಂಗ್ ಫಂಡ್‌ಗೆ ಕನ್ನಡದಲ್ಲಿ ಏನಂತೀರಿ? (ತುರ್ತು)

ಎಲ್ಲರಿಗೂ ನಮಸ್ಕಾರ.

ಕಾಲೇಜು ಹುಡುಗರಿಗೆ ಅಂತ ಅರ್ಥಶಾಸ್ತ್ರದ ಚರಿತ್ರೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ರಿಚರ್ಡ್ ಪ್ರೈಸ್ ಕುರಿತ ಅಧ್ಯಾಯ ನಾಳೆ ಬೆಳಿಗ್ಗೆ ಡಿಟಿಪಿಗೆ ಹೋಗಬೇಕು. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ಸಿಂಕಿಂಗ್ ಫಂಡ್. ಪ್ರೈಸ್ 18ನೇ ಶತಮಾನದ ಇಂಗ್ಲಿಷ್ ಪಾದ್ರಿ. ಲಂಡನ್ ಪಕ್ಕದ ನ್ಯೂಯಿಂಗ್ಟನ್ ಗ್ರೀನ್‌ನಲ್ಲಿ ಭಾನುವಾರ ಉಪದೇಶ, ಉಳಿದ ದಿನ ಬಡ್ಡಿ ಲೆಕ್ಕ. 1772ರಲ್ಲಿ ದೇಶದ ಸಾಲದ ಬಗ್ಗೆ ಒಂದು ಕಿರುಹೊತ್ತಿಗೆ ಬರೆದ. ಸರ್ಕಾರ ವರ್ಷಾ ವರ್ಷ ಒಂದಿಷ್ಟು ಹಣ ಬೇರೆ ತೆಗೆದಿಡಬೇಕು. ಆ ಹಣದಿಂದ ತನ್ನದೇ ಸಾಲಪತ್ರ ಕೊಳ್ಳಬೇಕು. ಕೊಂಡ ಪತ್ರವನ್ನು ಹರಿದು ಹಾಕಬಾರದು, ಅದಕ್ಕೂ ಬಡ್ಡಿ ಕಟ್ಟಿಕೊಂಡು ಆ ಬಡ್ಡಿಯಿಂದ ಮತ್ತೆ ಪತ್ರ ಕೊಳ್ಳಬೇಕು. ಹೀಗೇ ಹೋದರೆ ಚಕ್ರಬಡ್ಡಿಯೇ ಸಾಲ ತೀರಿಸುತ್ತೆ ಅನ್ನೋದು ವಾದ. ಅದಕ್ಕೊಂದು ಲೆಕ್ಕವನ್ನೂ ಕೊಡುತ್ತಾನೆ. ಯೇಸು ಹುಟ್ಟಿದಾಗ ಒಂದು ಪೆನ್ನಿಯನ್ನು ಶೇ. 5ರ ಚಕ್ರಬಡ್ಡಿಗೆ ಬಿಟ್ಟಿದ್ದರೆ ಅಷ್ಟು ಹೊತ್ತಿಗೆ 15 ಕೋಟಿ ಭೂಮಿಗಳಷ್ಟು ಗಟ್ಟಿ ಚಿನ್ನಕ್ಕಿಂತ ಜಾಸ್ತಿ ಆಗಿರುತ್ತಿತ್ತಂತೆ. ಸರಳ ಬಡ್ಡಿಗೆ ಬಿಟ್ಟಿದ್ದರೆ 7 ಶಿಲ್ಲಿಂಗ್ ನಾಲ್ಕೂವರೆ ಪೆನ್ಸ್, ಅಷ್ಟೇ.

ಪ್ರಕಾಶಕರು ಕೊಟ್ಟ ಪದಪಟ್ಟಿಯಲ್ಲಿ ಇದಕ್ಕೆ 'ಮುಳುಗುವ ನಿಧಿ' ಅಂತಿದೆ. ತಂಗಿಗೆ ತೋರಿಸಿದೆ. 'ಯಾವ ಚೀಟಿ ಕಂಪನಿ ಅಕ್ಕಾ, ಓಡಿಹೋಯ್ತಾ?' ಅಂದಳು.

ಎರಡನೆಯದು, ಪ್ರೈಸ್ 'ಡಿಸೆಂಟಿಂಗ್ ಮಿನಿಸ್ಟರ್'. ಯಂತ್ರಾನುವಾದಕ್ಕೆ ಹಾಕಿದರೆ 'ಭಿನ್ನಮತೀಯ ಸಚಿವ' ಅಂತ ಬಂತು. ಎರಡು ಪುಟ ದಾಟಿದರೆ ನಿಜವಾದ ಮಂತ್ರಿಯೇ ಬರುತ್ತಾನೆ. ಪ್ರಧಾನಿ ಪಿಟ್, ಖಜಾನೆಯೂ ಅವನ ಕೈಯಲ್ಲೇ. ಪ್ರೈಸ್ ಜೊತೆ ಸಮಾಲೋಚಿಸಿ 1786ರಲ್ಲಿ ವರ್ಷಕ್ಕೆ 10 ಲಕ್ಷ ಪೌಂಡ್ ಎತ್ತಿಡುವ ಕಾನೂನು ಮಾಡಿದ. ಓದೋರು ಇಬ್ಬರೂ ಒಂದೇ ಸಂಪುಟದಲ್ಲಿದ್ದರು ಅಂದುಕೊಳ್ಳಲ್ವಾ?

ದಯವಿಟ್ಟು ಇವತ್ತೇ ಹೇಳಿ.
(ಮೈಸೂರಿನಿಂದ)

---

ಋಣಪರಿಹಾರ ನಿಧಿ. ನಾನು ಪಾಠ ಹೇಳಿದ್ದು ಹಾಗೇ, ಹುಡುಗರು ಪರೀಕ್ಷೆಯಲ್ಲಿ ಬರೆದದ್ದೂ ಹಾಗೇ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ ಗೊತ್ತಾಗಲಿಲ್ಲ.

ಪ್ರೈಸ್ ಇಂಗ್ಲಿಷಿನವನಲ್ಲ. 1723ರಲ್ಲಿ ವೇಲ್ಸ್‌ನ ಗ್ಲಾಮೋರ್ಗನ್ ಸೀಮೆಯಲ್ಲಿ ಹುಟ್ಟಿದವನು. ಅದನ್ನೂ ತಿದ್ದಿಕೊಳ್ಳಿ.
(ಧಾರವಾಡ)

---

> ಋಣಪರಿಹಾರ ನಿಧಿ

ಋಣ ಸಂಸ್ಕೃತ, ಪರಿಹಾರ ಸಂಸ್ಕೃತ, ನಿಧಿ ಸಂಸ್ಕೃತ. ಕನ್ನಡಕ್ಕೆ ಅನುವಾದ ಕೇಳಿದ್ದು ಅಲ್ವಾ ಮೇಷ್ಟ್ರೇ?

ಅದೂ ಇರಲಿ, ಅರ್ಥವೂ ತಪ್ಪು. ನಮ್ಮಲ್ಲಿ 2018ರ ಋಣ ಪರಿಹಾರ ಕಾಯ್ದೆ ಅಂತ ಒಂದಿದೆ. ಬಡವರು ಖಾಸಗಿಯವರ ಹತ್ತಿರ ಮಾಡಿದ ಸಾಲವನ್ನು ಮನ್ನಾ ಮಾಡೋಕೆ ತಂದದ್ದು. ಅಲ್ಲಿ ಸಾಲ ಕೊಟ್ಟವನಿಗೆ ಕಾಸೂ ಬರೋದಿಲ್ಲ. ಪ್ರೈಸ್ ಹೇಳಿದ್ದು ಪೂರಾ ಉಲ್ಟಾ, ಪೈಸೆ ಪೈಸೆ ತೀರಿಸೋ ದಾರಿ. ಈಗಿನ ಹುಡುಗರು 'ಪರಿಹಾರ' ಅಂದರೆ ನೆರೆ ಪರಿಹಾರ, ಬೆಳೆ ಪರಿಹಾರ ಅಂತಲೇ ಓದಿಕೊಳ್ಳೋದು.

ನನ್ನ ಸಲಹೆ: ಸಾಲದ ಇಡುಗಂಟು. ಇಡು, ಗಂಟು. ಎರಡೂ ನಮ್ಮವೇ.
(ಶಿವಮೊಗ್ಗ)

---

ಬ್ಯಾಂಕಿನಲ್ಲಿ ಇದ್ದವನು ನಾನು, ಒಂದೆರಡು ಮಾತು.

ಇಡುಗಂಟು ಅಂದರೆ ಮುಟ್ಟದೆ ಇಟ್ಟು ಬಡ್ಡಿ ಮಾತ್ರ ತಿನ್ನೋ ಹಣ. ದತ್ತಿ ಬಹುಮಾನಕ್ಕೆ ಇಡ್ತಾರಲ್ಲ, ಅದು. ಇನ್ನು 'ಇಡಿಗಂಟು' ಬೇರೆ, ಒಂದೇ ಸಲಕ್ಕೆ ಕೊಡೋ ಮೊತ್ತ. ಅಂಗನವಾಡಿಯವರು ನಿವೃತ್ತಿಗೆ ಕೇಳೋದು ಅದನ್ನ. ಪತ್ರಿಕೆಗಳು ಇವೆರಡನ್ನೇ ದಿನಾ ಕಲಸಿಹಾಕುತ್ತವೆ. ಮೂರನೇ ಅರ್ಥವನ್ನು ಅದರ ತಲೆ ಮೇಲೆ ಹೇರಬೇಡಿ.

'ಸಿಂಕಿಂಗ್' ಇಲ್ಲಿ ಮುಳುಗೋದಲ್ಲ, ಇಳಿಸೋದು. ನಿಧಿ ಮುಳುಗಲ್ಲ, ನಿಧಿಯಿಂದ ಸಾಲ ಇಳಿಯುತ್ತೆ. ಹಾಗಂತ 'ಸಾಲ ಮುಳುಗಿಸುವ ನಿಧಿ' ಅಂದೀರಿ ಮತ್ತೆ! ಕನ್ನಡದಲ್ಲಿ ಸಾಲ ಮುಳುಗಿಸಿದ ಅಂದರೆ ಟೋಪಿ ಹಾಕಿದ ಅಂತಲೇ. ಮುಳುಗು ಧಾತುವನ್ನೇ ಬಿಡಿ. 'ಸಾಲ ತೀರಿಕೆ ನಿಧಿ' ಅನ್ನಿ, ಅಥವಾ 'ಸಾಲ ಕರಗಿಸುವ ನಿಧಿ'. ನನ್ನ ಓಟು ಎರಡನೆಯದಕ್ಕೆ. ಒಂದೇ ಏಟಿಗೆ ತೀರೋದಲ್ಲ, ನಿಧಾನಕ್ಕೆ ಕರಗೋದು. ಪ್ರೈಸ್ ಯೋಜನೆಯ ಜೀವ ಇರೋದೇ ಆ ನಿಧಾನದಲ್ಲಿ.

ಕರಗಿತಾ ಅಂತ ಕೇಳಿದರೆ, ಇಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿದಾಗ ಬ್ರಿಟನ್ ಸಾಲ ಸುಮಾರು 24 ಕೋಟಿ ಪೌಂಡ್. 1793ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರುವಾಯಿತು. ಒಂದು ಕೈಯಲ್ಲಿ ಹೊಸ ಸಾಲ ಎತ್ತೋದು, ಇನ್ನೊಂದು ಕೈಯಲ್ಲಿ ನಿಧಿಗೆ ಹಾಕಿ ಹಳೇ ಪತ್ರ ಕೊಳ್ಳೋದು. ಹೊಸ ಸಾಲದ ಬಡ್ಡಿ ಜಾಸ್ತಿ ಇದ್ದರೆ ನಷ್ಟವೇ ಆಯಿತಲ್ಲ. ಸರ್ಕಾರ ತನ್ನ ಪತ್ರಕ್ಕೆ ತನಗೇ ಬಡ್ಡಿ ಕೊಟ್ಟುಕೊಂಡರೆ ಹೊಸ ದುಡ್ಡು ಎಲ್ಲಿಂದ ಹುಟ್ಟುತ್ತೆ? ವರಮಾನ ಖರ್ಚಿಗಿಂತ ಜಾಸ್ತಿ ಇದ್ದರೆ ಮಾತ್ರ ಸಾಲ ಇಳಿಯೋದು ಅಂತ 1813ರಲ್ಲಿ ಅಬರ್ಡೀನಿನ ಗಣಿತದ ಮೇಷ್ಟ್ರು ರಾಬರ್ಟ್ ಹ್ಯಾಮಿಲ್ಟನ್ ಬಿಡಿಸಿ ತೋರಿಸಿದ. ಪೆನ್ನಿ ಲೆಕ್ಕದ ಹಿಂದಿರೋ ಚಕ್ರಬಡ್ಡಿಯ ತತ್ವವೇನೋ ಸರಿ. ಆದರೆ 1,772 ವರ್ಷ ಬಿಡದೆ ಬಡ್ಡಿ ಕಟ್ಟೋ ಸಾಲಗಾರ ಯಾರು ಅಂತ ಅದರಲ್ಲಿ ಇಲ್ಲ.
(ಬೆಂಗಳೂರು)

---

> ಸಾಲ ತೀರಿಕೆ ನಿಧಿ

ಕನ್ನಡ ಕನ್ನಡ ಸಂಸ್ಕೃತ. ಹೀಗೆ ಎರಡು ಭಾಷೆ ಬೆರೆಸಿದರೆ ಅರಿಸಮಾಸ. ಕಾಯುತ್ತಿರೋ ಹಾಲಿಗೆ ಮಜ್ಜಿಗೆ ಹನಿ ಬಿಟ್ಟಂತೆ ಅಂತ ಕವಿರಾಜಮಾರ್ಗಕಾರ ಸುಮ್ನೆ ಹೇಳಿಲ್ಲ. 'ನಿಧಿ' ತೆಗೆದು 'ಗಂಟು' ಹಾಕಿ, ಹಾಲು ಒಡೆಯಲ್ಲ. ಕಟ್ಟಿಟ್ಟದ್ದೇ ಗಂಟು. ಸಾಲ, ಬಡ್ಡಿ, ಗಂಟು ಎಲ್ಲ ಅಚ್ಚಗನ್ನಡ ಇರುವಾಗ ಕಂಡವರ ಮನೆ ಬಾಗಿಲಿಗೆ ಯಾಕೆ ಹೋಗಬೇಕು?
(ಶಿವಮೊಗ್ಗ)

---

ಬಡ್ಡಿ ಅಚ್ಚಗನ್ನಡವೇ? ವೃದ್ಧಿ, ವಡ್ಢಿ, ಬಡ್ಡಿ. ಸಂಸ್ಕೃತದಿಂದ ಪ್ರಾಕೃತಕ್ಕೆ ಬಂದು, ಅಲ್ಲಿಂದ ನಮಗೆ ಬಂದದ್ದು. ಕೇಶಿರಾಜನ ವ್ಯಾಕರಣ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣ ತೆಗೆದು ಕೂತುಕೊಳ್ಳಿ, ಆಮೇಲೆ ಮಾತಾಡೋಣ. ಅಸಲು ಅರಬ್ಬಿಯದು, ಖಜಾನೆ ಅರಬ್ಬಿಯದು, ಸರ್ಕಾರ ಪಾರಸಿಯದು. ಇವನ್ನೆಲ್ಲ ಬಿಟ್ಟು ಹಣಕಾಸಿನ ಬಗ್ಗೆ ಒಂದು ವಾಕ್ಯ ಬರೆದು ತೋರಿಸಿ.
(ಧಾರವಾಡ)

---

ತದ್ಭವ ಆದ ಮೇಲೆ ಅದು ಮನೆಯ ಮಗಳೇ. ತತ್ಸಮಕ್ಕೂ ತದ್ಭವಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಜೊತೆ ವಾದ ಇಲ್ಲ. ಖಜಾನೆ ಬಿಟ್ಟು ಬರೆಯೋಕೆ ಬರಲ್ಲ ಅಂದಿರಲ್ಲ, ಬೊಕ್ಕಸ ಮರೆತುಹೋಯ್ತೇ?
(ಶಿವಮೊಗ್ಗ)

---

ನೀವಿಬ್ಬರೂ ಜಗಳ ಆಡ್ತಾ ಇರಿ. ಆಕೆ ಕೇಳಿದ ಎರಡನೇ ಪದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ನಮ್ಮ ಕಡೆ ಪಾದ್ರಿ ಅಂದರೆ ಕಥೋಲಿಕರ ಗುರುಗಳು. ಪೋರ್ಚುಗೀಸರಿಂದ ಬಂದ ಮಾತು. ಪ್ರಾಟೆಸ್ಟೆಂಟರಲ್ಲಿ ಸಭಾಪಾಲಕರು ಅನ್ನೋದು ರೂಢಿ. ಎದುರಿಗೆ ಸಿಕ್ಕಾಗ ಅಯ್ಯನವರೇ ಅಂತೀವಿ. ಪ್ರೈಸ್ ಅವರಿಗೆ ಸಭಾಪಾಲಕ ಸರಿಯಾಗಿ ಹೊಂದುತ್ತೆ, ಯಾಕಂದರೆ ಅವರು ಇಂಗ್ಲೆಂಡಿನ ಸರ್ಕಾರಿ ಚರ್ಚಿನವರೇ ಅಲ್ಲ. ಡಿಸೆಂಟರ್ ಅಂದರೆ ಆ ಚರ್ಚಿನ ಕಟ್ಟಳೆ ಒಪ್ಪದೆ ಹೊರಗೆ ತಮ್ಮದೇ ಸಭೆ ಕಟ್ಟಿಕೊಂಡವರು. ಕಾನೂನಿನ ಪ್ರಕಾರ ಅವರಿಗೆ ಸರ್ಕಾರಿ ಹುದ್ದೆ ಇರಲಿಲ್ಲ. 1828ರವರೆಗೂ ಆ ಕಾನೂನು ಪುಸ್ತಕದಲ್ಲಿತ್ತು. ಹುದ್ದೆಗೆ ಹತ್ತಿರ ಸೇರಿಸದ ಮನುಷ್ಯನ ಹತ್ತಿರ ಪ್ರಧಾನಿಯೇ ಲೆಕ್ಕ ಕೇಳಿಕೊಂಡು ಬಂದರು. 'ಭಿನ್ನಮತೀಯ' ಅಂದರೆ ರಾಜಕೀಯ ಪಕ್ಷದ ಅತೃಪ್ತ ಶಾಸಕನ ಹಾಗೆ ಕೇಳಿಸುತ್ತೆ. 'ಡಿಸೆಂಟರ್ ಸಭಾಪಾಲಕ' ಅಂತ ಹಾಕಿ, ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ವಿವರಿಸಿ.

1778ರಲ್ಲಿ ಅಮೆರಿಕದ ಕಾಂಗ್ರೆಸ್ 'ನಮ್ಮ ಹಣಕಾಸು ನೋಡಿಕೊಳ್ಳೋಕೆ ಬನ್ನಿ' ಅಂತ ಪ್ರೈಸ್ ಅವರನ್ನು ಕರೆಯಿತು. ಅವರು ಹೋಗಲಿಲ್ಲ. ಹೋಗಿದ್ದರೆ ನಿಮ್ಮ ಯಂತ್ರದ ಅನುವಾದ ಹತ್ತಿರ ಹತ್ತಿರ ಸರಿಯಾಗುತ್ತಿತ್ತು! 1784ರಲ್ಲಿ ಅದೇ ಅಮೆರಿಕನ್ನರಿಗೆ ಬರೆದ ಸಲಹೆಯಲ್ಲಿ ಮೊದಲ ವಿಷಯ ಸಾರ್ವಜನಿಕ ಸಾಲ, ಆತ್ಮಸಾಕ್ಷಿಯ ಸ್ವಾತಂತ್ರ್ಯ ಆಮೇಲೆ. ಉಪದೇಶ, ಲೆಕ್ಕ ಎರಡನ್ನೂ ಒಂದೇ ಪುಸ್ತಿಕೆಯಲ್ಲಿ ಹೇಳೋಕೆ ಅವರಿಗೆ ಮುಜುಗರವೇ ಇರಲಿಲ್ಲ. ಸಂಭವನೀಯತೆಯ ಗಣಿತಕ್ಕೆ ಹೆಸರಾದ ಬೇಯ್ಸ್ ಕೂಡ ಇಂಥದೇ ಸಭಾಪಾಲಕ. ಆತ ಸತ್ತ ಮೇಲೆ ಕಾಗದಗಳನ್ನು ತಿದ್ದಿ 1763ರಲ್ಲಿ ಅಚ್ಚಿಗೆ ಕೊಟ್ಟದ್ದು ಪ್ರೈಸ್ ಅವರೇ.
(ಮಂಗಳೂರು)

---

ಬೇಯ್ಸ್ ಯಾಕೆ ಬಂದ ಇಲ್ಲಿ?

ಅರಿಸಮಾಸದ ಬಗ್ಗೆ ಒಂದೇ ಮಾತು. ಆ ನಿಯಮ ಕಾವ್ಯಕ್ಕೆ. ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ಹಳೆಯವರೇ ವಿನಾಯಿತಿ ಕೊಟ್ಟಿದ್ದಾರೆ. ಡಿಟಿಪಿಯವನು ಕಾಯ್ತಿರುವಾಗ ಕೇಶಿರಾಜನನ್ನು ಎಬ್ಬಿಸಬೇಡಿ.
(ಬೆಂಗಳೂರು)

---

'ಫಂಡ್' ಅಂತಲೇ ಬಿಟ್ಟರೆ ಏನು ಕಷ್ಟ? ಚೀಟಿ ಫಂಡ್, ಮ್ಯೂಚುವಲ್ ಫಂಡ್ ಅಂತ ಸಂತೆಯಲ್ಲಿ ತರಕಾರಿ ಮಾರೋರಿಗೂ ಗೊತ್ತು. ಅಪಾರ್ಟ್‌ಮೆಂಟ್ ಸಂಘದ ಮೀಟಿಂಗಿನಲ್ಲಿ ಲಿಫ್ಟ್ ಬದಲಾಯಿಸೋಕೆ ಸಿಂಕಿಂಗ್ ಫಂಡ್ ಅಂತ ತಿಂಗಳು ತಿಂಗಳು ಕಟ್ಟಿಸಿಕೊಳ್ತಾರೆ. ಅಲ್ಲಿ ಹೋಗಿ 'ಸಾಲ ಕರಗಿಸುವ ಗಂಟು' ಅನ್ನಿ, ನೋಡೋಣ.
(ಹುಬ್ಬಳ್ಳಿ)

---

ಅಪಾರ್ಟ್‌ಮೆಂಟಿನಲ್ಲಿ ಸಾಲವೇ ಇಲ್ಲ. ಅಲ್ಲಿ ಸವೆದುಹೋಗೋ ವಸ್ತುವಿಗೆ ಮುಂಚೆಯೇ ಎತ್ತಿಡೋದು. ಹೆಸರು ಒಂದೇ, ಅರ್ಥ ಬೇರೆ. ಎರಡಕ್ಕೂ ಒಂದೇ ಕನ್ನಡ ಪದ ಸಿಗೋದಿಲ್ಲ, ಸಿಗಬೇಕಾಗಿಯೂ ಇಲ್ಲ.

ಇನ್ನು 'ಫಂಡ್ ಎಲ್ಲರಿಗೂ ಗೊತ್ತು' ಅನ್ನೋ ವಾದ ಹಿಡಿದರೆ ನಾಳೆ ನಮ್ಮ ಈ ಚರ್ಚೆಯ ಗುಂಪನ್ನೇ ಮುಚ್ಚಬಹುದು.
(ಶಿವಮೊಗ್ಗ)

---

ಮುಚ್ಚಿ.
(ಹುಬ್ಬಳ್ಳಿ)

---

ಎಲ್ಲರಿಗೂ ಧನ್ಯವಾದ. ಪುಟ ಕಳಿಸಿದೆ. ಮೊದಲ ಸಲ 'ಸಾಲ ಕರಗಿಸುವ ನಿಧಿ, ಅಂದರೆ ಸಿಂಕಿಂಗ್ ಫಂಡ್' ಅಂತ ಹಾಕಿ, ಮುಂದೆ ಎಲ್ಲ ಕಡೆ 'ಕರಗು ನಿಧಿ' ಅಂತ ಚಿಕ್ಕದು ಮಾಡಿದ್ದೇನೆ. ಶಿವಮೊಗ್ಗದ ಸಾರ್ ಬೈಯಬೇಡಿ, 'ಗಂಟು' ಹಾಕಿದರೆ ಪಿಟ್ ಗಂಟು ಕಟ್ಟಿಕೊಂಡು ಹೊರಟ ಹಾಗೆ ಓದಿಸಿಕೊಳ್ಳುತ್ತಿತ್ತು. ಖಜಾನೆ ಇದ್ದ ಕಡೆ ಮಾತ್ರ ಬೊಕ್ಕಸ ಮಾಡಿದ್ದೇನೆ. ಪ್ರೈಸ್ ಈಗ ವೇಲ್ಸ್‌ನವನು, ಡಿಸೆಂಟರ್ ಸಭಾಪಾಲಕ.

ಮುಂದಿನ ಅಧ್ಯಾಯ ಅವನದೇ 1771ರ ಪುಸ್ತಕ. 'ರಿವರ್ಷನರಿ ಪೇಮೆಂಟ್' ಅಂತ ಪುಟ ಪುಟಕ್ಕೂ ಬರುತ್ತೆ. ಗಂಡ ಬದುಕಿರುವಾಗ ಕಂತು ಕಟ್ಟಿ, ಅವನು ತೀರಿಕೊಂಡ ಮೇಲೆ ಹೆಂಡತಿಗೆ ವರ್ಷ ವರ್ಷ ಬರೋ ಹಣ, ಅಂಥದ್ದು. 'ವರ್ಷಾಶನ' ಸಾಕಾಗುತ್ತಾ? ಶುಕ್ರವಾರದೊಳಗೆ ಬೇಕು.
(ಮೈಸೂರು)

---

ಸಾಕಾಗಲ್ಲ. ವರ್ಷಾಶನ ಇವತ್ತಿನಿಂದಲೇ ಶುರುವಾಗಬಹುದು, ಇದು ಒಬ್ಬರು ಸತ್ತ ಮೇಲೆಯೇ. 'ಉತ್ತರಜೀವಿ ವರ್ಷಾಶನ'.
(ಧಾರವಾಡ)

---

ಮತ್ತೆ ಸಂಸ್ಕೃತ.
(ಶಿವಮೊಗ್ಗ)