ಸಹಾಯ ಬೇಕು: ಫಾಲನ್ ಆರ್ಡರ್ ಗೇಮ್‌ನಲ್ಲಿ ಪ್ಯಾರಿ ಕೂಡಿ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವನು. ಈ ಮಳೆಗೆ ಹೊರಗೆ ಹೋಗಲು ಆಗುವುದಿಲ್ಲ ಅಂತ ಪಿಎಸ್4 (ಪ್ಲೇಸ್ಟೇಷನ್ 4) ನಲ್ಲಿ 2019ರ 'ಸ್ಟಾರ್ ವಾರ್ಸ್ ಜೆಡೈ: ಫಾಲನ್ ಆರ್ಡರ್' ಶುರು ಮಾಡಿದೆ. ಈಗ ಕಶೀಕ್ ಗ್ರಹದಲ್ಲಿ ನೈಂತ್ ಸಿಸ್ಟರ್ ಎಂಬ ಬಾಸ್ (ದೊಡ್ಡ ಶತ್ರು) ಎದುರು ನಾಲ್ಕು ದಿನದಿಂದ ಸಿಕ್ಕಿಬಿದ್ದಿದ್ದೇನೆ ಮಾರಾಯ್ರೆ.

ಆಡುತ್ತಿರುವುದು ಜೆಡೈ ಮಾಸ್ಟರ್ ಎಂಬ ಕಷ್ಟದ ಮಟ್ಟದಲ್ಲಿ. ಇದರಲ್ಲಿ ಮಟ್ಟ ಏರಿಸಿದರೆ ಮೂರು ಬದಲಾಗುತ್ತದೆ ಅಲ್ವಾ, ಪ್ಯಾರಿಗೆ (ಸರಿಯಾದ ಕ್ಷಣಕ್ಕೆ ಬಟನ್ ಒತ್ತಿ ಶತ್ರುವಿನ ಏಟನ್ನು ಹಿಮ್ಮೆಟ್ಟಿಸುವುದಕ್ಕೆ) ಸಿಗುವ ಸಮಯ ಕಡಿಮೆ, ಬೀಳುವ ಏಟು ಜೋರು, ಶತ್ರುಗಳು ಮೈಮೇಲೆ ಬರುವುದು ಜಾಸ್ತಿ. ಕಡೆಯ ಎರಡನ್ನು ಹೇಗೋ ಸಂಭಾಳಿಸುತ್ತೇನೆ. ಕೆಂಪಗೆ ಹೊಳೆಯುವ ಏಟನ್ನು ತಡೆಯಲು ಆಗುವುದಿಲ್ಲ, ಪಕ್ಕಕ್ಕೆ ಸರಿಯಬೇಕು, ಅದೂ ಅಭ್ಯಾಸವಾಗಿದೆ. ಪ್ಯಾರಿ ಮಾತ್ರ ಹತ್ತು ಸಲ ಒತ್ತಿದರೆ ಎರಡು ಸಲ ಸಿಗುತ್ತದೆ, ಉಳಿದದ್ದೆಲ್ಲ ಸುಮ್ನೆ ಬ್ಲಾಕ್ ಆಗಿ ಬ್ಲಾಕ್ ಮೀಟರ್ (ಇನ್ನೆಷ್ಟು ಏಟು ತಡೆಯಬಹುದು ಅಂತ ತೋರಿಸುವ ಪಟ್ಟಿ) ಖಾಲಿ.

ಜೆಡೈ ನೈಟ್‌ಗೆ ಇಳಿಸಿ ನೋಡಿದೆ, ಸ್ವಲ್ಪ ಸುಲಭವಾಯಿತು. ಟಿವಿಯಲ್ಲಿ ಗೇಮ್ ಮೋಡ್ (ಚಿತ್ರ ತಡವಾಗುವುದನ್ನು ಕಡಿಮೆ ಮಾಡುವ ಸೆಟ್ಟಿಂಗ್) ಹಾಕಿದೆ, ಅಷ್ಟೇನೂ ವ್ಯತ್ಯಾಸವಿಲ್ಲ. ಆದರೆ ಕಳೆದ ಭಾನುವಾರ ಮಂಗಳೂರಿನಲ್ಲಿ ಗೆಳೆಯನ ಮನೆಗೆ ಹೋಗಿದ್ದಾಗ ಅವನ ಮಾನಿಟರ್‌ನಲ್ಲಿ ಅದೇ ಜೆಡೈ ಮಾಸ್ಟರ್‌ನಲ್ಲಿ ಆಡಿದರೆ ಪ್ಯಾರಿ ತುಂಬಾ ಸಲ ಸಿಕ್ಕಿತು! ಅಲ್ಲಿಂದ ತಲೆ ಕೆಟ್ಟಿದೆ, ತಪ್ಪು ನನ್ನ ಕೈಯದ್ದಾ, ಟಿವಿಯದ್ದಾ ಅಂತ ಗೊತ್ತಾಗುತ್ತಿಲ್ಲ. ಮಟ್ಟ ಇಳಿಸಿ ದಾಟಲು ಮನಸ್ಸಿಲ್ಲ, ಈ ಕಾಳಗದ ಮಜಾ ಇರುವುದೇ ಪ್ಯಾರಿಯಲ್ಲಿ.

ನೈಂತ್ ಸಿಸ್ಟರ್ ಕೈ ಬೀಸಲು ಶುರು ಮಾಡಿದಾಗಲೇ ಎಲ್1 (ತಡೆಯುವ ಬಟನ್) ಒತ್ತಬೇಕಾ, ಅಥವಾ ಕತ್ತಿ ತಾಗುವ ಕ್ಷಣಕ್ಕೆ ಸ್ವಲ್ಪ ಮುಂಚೆಯಾ? ಟಿವಿ ತಡ ಮಾಡುತ್ತಿದೆಯಾ ಅಂತ ಮನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ? ಈ ಬಾಸ್ ದಾಟಿದವರು ದಯವಿಟ್ಟು ಹೇಳಿ.