ಬಾಡಿಗೆ ಮೋಡೆಮ್ ಹಿಂದೆ ಕೊಟ್ಟು ಸ್ವಂತದ್ದು ಹಾಕಬಹುದಾ? ಲ್ಯಾಂಡ್‌ಲೈನ್ ಕೂಡ ಅದರಲ್ಲೇ ಉಂಟು

ಕಟಪಾಡಿ ಲೆಕ್ಕದವಳು:

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಕೂತು ನಾಲ್ಕೈದು ಅಂಗಡಿಗಳ ಜಿಎಸ್‌ಟಿ ಲೆಕ್ಕ ಮಾಡುತ್ತೇನೆ. ತಿಂಗಳ 11 ಮತ್ತು 20ನೇ ತಾರೀಕು ಹತ್ತಿರ ಬಂದರೆ ಇಂಟರ್ನೆಟ್ ಇಲ್ಲದೆ ಒಂದು ಗಂಟೆಯೂ ಆಗುವುದಿಲ್ಲ.

ಬಿಲ್ಲಿನಲ್ಲಿ ಪ್ಲಾನಿನ ಹಣದ ಕೆಳಗೆ ಇನ್ನೊಂದು ಸಾಲು ಇರುತ್ತದೆ. ಮೋಡೆಮ್ ಬಾಡಿಗೆ 100 ರೂಪಾಯಿ, ಜಿಎಸ್‌ಟಿ ಸೇರಿ 118. ಮೊನ್ನೆ ಮೂರು ವರ್ಷದ ಬಿಲ್ಲು ತೆಗೆದು ಕೂಡಿಸಿದೆ. 4,248 ರೂಪಾಯಿ! ಇಷ್ಟು ಕೊಟ್ಟ ಮೇಲೂ ಡಬ್ಬಿ ನಮ್ಮದಲ್ಲ.

ಅದೂ ಹಳೆಯ ಡಬ್ಬಿ. 2.4 ಗಿಗಾಹರ್ಟ್ಸ್ ವೈಫೈ ಮಾತ್ರ. ನಮ್ಮದು ಮಾವನ ಕಾಲದ ಮುರಕಲ್ಲಿನ ಮನೆ, ಒಂದೊಂದು ಗೋಡೆ ಒಂದು ಮೊಳ ದಪ್ಪ. ಡಬ್ಬಿ ಚಾವಡಿಯಲ್ಲಿ, ನಾನು ಕೂರುವುದು ಉಪ್ಪರಿಗೆಯಲ್ಲಿ. ಕಳೆದ ಮೇ ತಿಂಗಳ ಸಿಡಿಲಿಗೆ ನಾಲ್ಕು ಲ್ಯಾನ್ ಪೋರ್ಟ್‌ಗಳಲ್ಲಿ ಎರಡು ಸುಟ್ಟವು. ಬದಲಿಸಿ ಕೊಡಿ ಅಂತ ಮೂರು ಸಲ ಕೇಳಿದೆ. "ಉಳಿದ ಎರಡು ನಡೆಯುತ್ತದಲ್ಲ" ಅಂದರು. ಬಾಡಿಗೆ ತೆಗೆದುಕೊಳ್ಳುವವರು ಹಾಗೆ ಹೇಳಬಹುದಾ?

ಅಂಗಡಿಯಿಂದ ತಂದು ಪಿನ್ ಚುಚ್ಚಿದರೆ ಆಗುತ್ತದಾ? ಅತ್ತೆಯ ಲ್ಯಾಂಡ್‌ಲೈನ್ ಅದೇ ಡಬ್ಬಿಯಲ್ಲಿ ಉಂಟು. ಮುಂಬೈಯ ನೆಂಟರೆಲ್ಲ ಆ ನಂಬರಿಗೇ ಮಾಡುವುದು. ಅದು ಹೋಗಬಾರದು.

ಸುರತ್ಕಲ್ ಅಣ್ಣ:

ಮೊದಲು ಹೊರಗಿನಿಂದ ಬರುವ ವೈರ್ ನೋಡಿ. ಟಿವಿ ಕೇಬಲ್ ಹಾಗೆ ದಪ್ಪ ವೈರ್, ತಿರುಗಿಸಿ ಹಾಕುವ ಪಿನ್ ಇದ್ದರೆ ಅದು ಕೇಬಲ್ ಮೋಡೆಮ್. ತೆಳು ವೈರ್, ಹಸಿರು ಅಥವಾ ನೀಲಿ ಬಣ್ಣದ ಚೌಕ ಪಿನ್ ಇದ್ದರೆ ಫೈಬರ್. ಎರಡನ್ನೂ ನಾವು ಮೋಡೆಮ್ ಅಂತಲೇ ಕರೆಯುತ್ತೇವೆ, ಆದರೆ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ನನ್ನ ತಮ್ಮ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಅವನದ್ದು ಕೇಬಲ್. ಕಂಪೆನಿ ಒಪ್ಪಿದ ಪಟ್ಟಿ ನೋಡಿ ಡಾಕ್ಸಿಸ್ 3.1 (ಕೇಬಲ್ ಇಂಟರ್ನೆಟ್ಟಿನ ಒಂದು ಮಾನದಂಡ) ಮೋಡೆಮ್ ಕೊಂಡ, ಅದರ ಗುರುತಿನ ನಂಬರ್, ಅಂದರೆ ಮ್ಯಾಕ್ ನಂಬರ್, ಕಂಪೆನಿಯಲ್ಲಿ ಹತ್ತಿಸಿದ, ಮುಗಿಯಿತು. ಗಿರಾಕಿ ಸ್ವಂತ ಡಬ್ಬಿ ಹಾಕಿಕೊಂಡರೆ ಬಾಡಿಗೆ ಹಾಕುವ ಹಾಗಿಲ್ಲ ಅಂತ ಅಲ್ಲಿ 2020ರ ಡಿಸೆಂಬರ್‌ನಿಂದ ಕಾನೂನೇ ಉಂಟು. ಇಲ್ಲಿ ನೀವು ಇಂಟರ್ನೆಟ್ ಕೊಡುವ ಕೇಬಲ್‌ನವರ ಹತ್ತಿರ ಮಾತಾಡಿಯೇ ಮಾಡಬೇಕು.

ಕಟಪಾಡಿ ಲೆಕ್ಕದವಳು:

ತೆಳು ವೈರ್. ಪಿನ್ ಹಸಿರು.

ಮಲ್ಪೆ ರಸ್ತೆ:

ಅಕ್ಕ, ಹಾಗಾದರೆ ಫೈಬರ್. ನಿಮ್ಮ ಡಬ್ಬಿಯ ಹೆಸರು ಒಎನ್‌ಟಿ, ಫೈಬರಿನ ಬೆಳಕನ್ನು ಇಂಟರ್ನೆಟ್ ಮಾಡಿ ಕೊಡುವ ಡಬ್ಬಿ. ನಾನು ಕಳೆದ ವರ್ಷ ಇದನ್ನೇ ಮಾಡಿದ್ದೇನೆ, ಒಂದು ಸಲ ತಪ್ಪು ಡಬ್ಬಿ ಕೊಂಡು. ನಿಮಗೆ ಹಾಗೆ ಆಗುವುದು ಬೇಡ.

ಸುಮ್ನೆ ಪಿನ್ ಚುಚ್ಚಿದರೆ ಆಗುವುದಿಲ್ಲ. ಒಂದೇ ಫೈಬರ್ ಎಷ್ಟೋ ಮನೆಗಳಿಗೆ ಕವಲಾಗಿ ಹೋಗುತ್ತದೆ. ಯಾವ ಮನೆಯ ಡಬ್ಬಿ ಯಾವುದು ಅಂತ ಆಚೆ ಕಡೆಯ ಯಂತ್ರಕ್ಕೆ ಗೊತ್ತಿರಬೇಕು. ಫೈಬರ್ ಲೈನಿನಲ್ಲಿ ಜಿಪಾನ್, ಇಪಾನ್ ಅಂತ ಎರಡು ಜಾತಿ ಉಂಟು. ಹಳೆಯ ಡಬ್ಬಿ ಮಗುಚಿ ಲೇಬಲ್ ನೋಡಿ. ಜಿಪಾನ್ ಅಂತ ಇದ್ದರೆ ಅವರು ಸೀರಿಯಲ್ ನಂಬರ್ ಹತ್ತಿಸುತ್ತಾರೆ. ಇಪಾನ್ ಆದರೆ ಮ್ಯಾಕ್ ನಂಬರ್. ನಾನು ಇದನ್ನು ನೋಡದೆ ಇಪಾನ್ ಲೈನಿಗೆ ಜಿಪಾನ್ ಡಬ್ಬಿ ತಂದೆ. ಕೆಂಪು ದೀಪ ಆರಲೇ ಇಲ್ಲ. ಎಕ್ಸ್‌ಪಾನ್ ಅಂತ ಬರೆದದ್ದು ಎರಡಕ್ಕೂ ಆಗುತ್ತದೆ. ಆದರೂ ಮಾಡೆಲ್ ಹೆಸರು ಅವರಿಗೆ ಹೇಳಿ, "ಇದು ನಿಮ್ಮಲ್ಲಿ ಹತ್ತುತ್ತದಾ" ಅಂತ ಕೇಳಿಯೇ ಹಣ ಕೊಡಿ.

ನಿಮ್ಮ ದೊಡ್ಡ ಕಷ್ಟ ಲ್ಯಾಂಡ್‌ಲೈನ್. ಕರೆ ಬರುವುದು ಇಂಟರ್ನೆಟ್ ಮೇಲೆಯೇ. ಅದರ ಯೂಸರ್ ನೇಮ್, ಪಾಸ್‌ವರ್ಡ್ ಡಬ್ಬಿಯ ಒಳಗೆ ಇರುತ್ತದೆ, ನಮ್ಮ ಕೈಗೆ ಕೊಡುವುದು ಕಡಿಮೆ. ಹಾಗಾಗಿ ಫೋನ್ ಪೋರ್ಟ್ ಇರುವ ಡಬ್ಬಿಯನ್ನೇ ಕೊಳ್ಳಿ. ಲೈನ್‌ಮ್ಯಾನ್ ಎದುರಿಗೇ ಹತ್ತಿಸಲಿ. ಅತ್ತೆಯ ನಂಬರಿಗೆ ಕರೆ ಬಂದು, ಇಲ್ಲಿಂದಲೂ ಕರೆ ಹೋದ ಮೇಲೆ ಅವನನ್ನು ಬಿಡಿ. ಇಂಟರ್ನೆಟ್ಟಿನ ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರ್ (ಡಬ್ಬಿಯ ಸೆಟ್ಟಿಂಗ್‌ನಲ್ಲಿ ಹಾಕುವ ಲೈನಿನ ನಂಬರ್) ಮೂರೂ ಕೇಳಿ ಬರೆದಿಡಿ.

ಹಳೆಯದನ್ನು ಬ್ರಿಡ್ಜ್‌ಗೆ ಹಾಕಿಸಿ, ಅಂದರೆ ಅದು ಲೈನನ್ನು ಸುಮ್ನೆ ದಾಟಿಸುವ ಹಾಗೆ ಮಾಡಿ, ಹಿಂದೆ ಸ್ವಂತ ರೌಟರ್ ಇಡಿ ಅಂತಲೂ ಕೆಲವರು ಹೇಳುತ್ತಾರೆ. ವೈಫೈ ಸರಿಯಾಗುತ್ತದೆ, 118 ರೂಪಾಯಿ ಮಾತ್ರ ಹೋಗುತ್ತಲೇ ಇರುತ್ತದೆ.

ಒಂದು ಕೇಳುತ್ತೇನೆ. ಸುಟ್ಟ ಪೋರ್ಟ್‌ಗೆ ಯಾವ ವೈರ್ ಇತ್ತು? ಅಂಗಳದ ಸಿಸಿ ಕ್ಯಾಮೆರಾದ್ದಾ? ಫೈಬರ್ ಗಾಜು, ಅದರಲ್ಲಿ ಕರೆಂಟ್ ಬರುವುದಿಲ್ಲ. ಲ್ಯಾನ್ ವೈರ್ ತಾಮ್ರದ್ದು. ಅದು ಹೊರಗೆ ಓಡಿದ್ದರೆ ಸಿಡಿಲಿನ ಹೊಡೆತ ಅದರಲ್ಲೇ ಒಳಗೆ ಬರುತ್ತದೆ. ಹೊಸ ಡಬ್ಬಿಗೂ ಅದೇ ಗತಿ ಆಗಬಾರದು ಅಲ್ವಾ.

ಹಸಿರು ಪಿನ್ನಿನ ತುದಿ ಓರೆಯಾಗಿ ಕತ್ತರಿಸಿರುತ್ತದೆ. ಹಸಿರಿಗೆ ಹಸಿರೇ ಸೇರಬೇಕು, ನೀಲಿ ಅಲ್ಲ. ತುದಿಗೆ ಬೆರಳು ತಾಗಿಸಬೇಡಿ. ಕಣ್ಣಿಟ್ಟು ನೋಡಲೇಬೇಡಿ.

ಕಟಪಾಡಿ ಲೆಕ್ಕದವಳು:

ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕು.

ಲೇಬಲ್‌ನಲ್ಲಿ ಜಿಪಾನ್ ಇತ್ತು. ಕೇಬಲ್‌ನವರು ಮೊದಲು ಆಗುವುದಿಲ್ಲ ಅಂದರು. ಮೂರು ವರ್ಷದ ಬಿಲ್ಲು, ಸುಟ್ಟ ಪೋರ್ಟಿನ ಫೋಟೊ ಎರಡನ್ನೂ ಹಿಡಿದುಕೊಂಡು ಆಫೀಸಿಗೇ ಹೋದೆ. ಆಮೇಲೆ ಒಪ್ಪಿದರು. ಅವರು ಹೇಳಿದ ಮಾಡೆಲನ್ನೇ ಉಡುಪಿಯಲ್ಲಿ ಕೊಂಡೆ. ಎರಡು ಬ್ಯಾಂಡ್ ವೈಫೈ, ಒಂದು ಫೋನ್ ಪೋರ್ಟ್, 2,650 ರೂಪಾಯಿ. ಎರಡು ವರ್ಷ ತುಂಬುವುದರೊಳಗೆ ಬಾಡಿಗೆಯಲ್ಲೇ ಹುಟ್ಟುತ್ತದೆ.

ಲೈನ್‌ಮ್ಯಾನ್ ಬಂದು ಬೆಳಕಿನ ಪವರ್ ಅಳೆದ. ಮೈನಸ್ 26 ಡಿಬಿಎಂ (ಬೆಳಕಿನ ಬಲದ ಅಳತೆ, ಸೊನ್ನೆಯಿಂದ ಕೆಳಗೆ ಹೋದಷ್ಟೂ ಬಲ ಕಡಿಮೆ). ಮೈನಸ್ 27 ದಾಟಿದರೆ ಲೈನ್ ನಿಲ್ಲುವುದಿಲ್ಲವಂತೆ. ಹೊರಗೆ ಹೋಗಿ ನೋಡಿದರೆ ತೆಂಗಿನ ಮಡಲು ಬಿದ್ದು ವೈರ್ ಮಾಡಿನ ಅಂಚಿಗೆ ಮಡಚಿ ಕೂತಿತ್ತು. ಅದನ್ನು ಬಿಡಿಸಿ ದೊಡ್ಡ ಸುತ್ತು ಹಾಕಿ ಕಟ್ಟಿದ. ಮೈನಸ್ 20ಕ್ಕೆ ಬಂತು. ಮಳೆ ಬಂದಾಗಲೆಲ್ಲ ಲೈನ್ ಹೋಗುತ್ತಿದ್ದದ್ದು ಇದಕ್ಕೇ ಇರಬೇಕು, ಈಗ ಹೋಗುತ್ತಿಲ್ಲ.

ಮಲ್ಪೆ ರಸ್ತೆಯವರೇ, ನೀವು ಹೇಳಿದ್ದು ಸರಿ. ಸುಟ್ಟ ಒಂದು ಪೋರ್ಟಿಗೆ ಅಂಗಳದ ಕ್ಯಾಮೆರಾದ ವೈರ್ ಇತ್ತು. ಅದನ್ನು ತೆಗೆದು ವೈಫೈ ಕ್ಯಾಮೆರಾ ಹಾಕಿದೆ. 5 ಗಿಗಾಹರ್ಟ್ಸ್ ಮುರಕಲ್ಲಿನ ಗೋಡೆ ದಾಟುವುದಿಲ್ಲ, ಅದಕ್ಕೆ ಉಪ್ಪರಿಗೆಗೆ ಏಣಿಮೆಟ್ಟಿಲ ಬದಿಯಿಂದ, ಮನೆಯ ಒಳಗೇ, ಕ್ಯಾಟ್ 6 ವೈರ್ ಎಳೆಸಿದೆ. 100 ಎಂಬಿಪಿಎಸ್ ಪ್ಲಾನಿಗೆ ಈಗ ಮೇಜಿನ ಹತ್ತಿರ 94 ಬರುತ್ತದೆ.

ಹಳೆಯ ಡಬ್ಬಿ, ಅಡಾಪ್ಟರ್ ಎರಡನ್ನೂ ಕೊಟ್ಟು, ಸೀರಿಯಲ್ ನಂಬರ್ ಬರೆದ ರಸೀದಿ ತೆಗೆದುಕೊಂಡೆ. ಡೆಪಾಸಿಟ್ ಮುಂದಿನ ಬಿಲ್ಲಿನಲ್ಲಿ ಕಳೆಯುತ್ತಾರಂತೆ. ಲೈನ್‌ಮ್ಯಾನ್ ಹೊರಡುವ ಮೊದಲೇ ಅತ್ತೆ ಮುಲುಂಡ್‌ನ ತಂಗಿಗೆ ಫೋನ್ ಹಚ್ಚಿದರು. ಮಾತು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು, ಲೈನ್ ಒಮ್ಮೆಯೂ ಕಡಿಯಲಿಲ್ಲ.